ಸೀಸದ ಅಂಗಿ

ಕಳೆದ ಚಳಿಗಾಲ ಹಿಮದ ಮೇಲೆ ಜಾರಿ
ಮಣಿಕಟ್ಟು ಮುರಿದುಕೊಂಡು ಬಂದವಳು ನೋರಾ ಕೋಟ್ಸ್.
ಅವಳ ಎಲುಬು ಅವಳಿಗೆ ತೋರಿಸಿದವಳು ನಾನು.
"ದಿನವಿಡೀ ಸೀಸದ ಅಂಗಿ ತೊಡುತ್ತೀಯಲ್ಲ,
ಸೀಸ ಎಲ್ಲಿಂದ ಬರುತ್ತಿತ್ತು, ನೋಡಿದ್ದೀಯಾ?" ಎಂದಿದ್ದಳು
ಪ್ಲಾಸ್ಟರಿನ ಕೈಯನ್ನು ಕೂಸಿನ ಹಾಗೆ ಎತ್ತಿಕೊಂಡು.
ಈ ಭಾನುವಾರ ತೋರಿಸುತ್ತಿದ್ದಾಳೆ.

ಗನ್ನರ್‌ಸೈಡ್ ಊರು ಕೆಳಗೆ, ಒಂದು ಹಿಡಿ ಕಲ್ಲಿನ ಸೂರು.
ಹಳ್ಳದ ಗುಂಟ ನಾವು ಮೇಲೆ, ಇನ್ನೂ ಮೇಲೆ.
ಬೋಳುಗುಡ್ಡ. ಕುರಿ. ಗಾಳಿ.
ಪೊದೆಯಿಂದ ದಡಕ್ಕನೆ ಎದ್ದ ಕೆಂಗಂದು ಹಕ್ಕಿ
ನೋರಾಳ ಕಿವಿಗೆ 'ವಾಪಸು ಹೋಗು' ಅನ್ನುತ್ತದಂತೆ,
ಹಟ್ಟಿಯಲ್ಲಿ ಬೆಳೆದ ನನ್ನ ಕಿವಿಗೆ
ಬ್ಯಾಡ, ಬ್ಯಾಡ, ಬ್ಯಾಡ.

"ಹಶ್" ಅಂದಳು. ಸುಮ್ಮನಾದೆ.
ನಕ್ಕಳು. ಹಶ್ ಅಂದರೆ ಎದುರಿನ ಈ ಕೊರಕಲು.
ನೆತ್ತಿಯಲ್ಲಿ ಒಡ್ಡು ಕಟ್ಟಿ, ನೀರು ತುಂಬಿಸಿ
ಒಮ್ಮೆಲೇ ಒಡೆದುಬಿಡುತ್ತಿದ್ದರಂತೆ;
ಮಣ್ಣು, ಬೇರು, ಬಂಡೆ ಎಲ್ಲ ಕೊಚ್ಚಿಹೋಗಿ
ಗುಡ್ಡದ ಪಕ್ಕೆ ಸೀಳಿ
ಸೀಸದ ನರ ಕಾಣುತ್ತಿತ್ತಂತೆ.
ಎಕ್ಸ್‌ರೇ ಇರದ ಕಾಲಕ್ಕೆ
ಒಳಗಿನದು ನೋಡಲು ಹೀಗೊಂದು ದಾರಿ.
ಇನ್ನೂ ಯಾರೂ ಹೊಲಿಗೆ ಹಾಕಿಲ್ಲ.

ಗೋಡೆಗಳಿವೆ, ಸೂರಿಲ್ಲ.
ಅದಿರು ಸುರಿಯುತ್ತಿದ್ದ ಕಲ್ಲುಗೂಡುಗಳ ಸಾಲು:
ಒಂದರಲ್ಲಿ ಸತ್ತ ಕುರಿಯ ಉಣ್ಣೆ,
ಉಳಿದವುಗಳಲ್ಲಿ ತುರಿಕೆ ಸೊಪ್ಪು.
ಕುಲುಮೆಯ ಹೊಗೆಗೆಂದು ಕಟ್ಟಿದ ಕಲ್ಲಿನ ಕೊಳವೆ
ಬೆನ್ನುಹುರಿಯ ಹಾಗೆ ಗುಡ್ಡ ಹತ್ತಿಹೋಗಿದೆ,
ಅಲ್ಲಲ್ಲಿ ಮಣಿ ಕಳಚಿ.
ಅದರೊಳಗೆ ತೆವಳಿ
ಗೋಡೆಗಂಟಿದ ಸೀಸದ ಮಸಿ ಕೆರೆಯಲು ಹುಡುಗರು ಬೇಕಿತ್ತು.
ದೊಡ್ಡವರು ಹಿಡಿಸುತ್ತಿರಲಿಲ್ಲ.
ನೋರಾಳ ಮುತ್ತಜ್ಜನ ಅಣ್ಣ ಅವರಲ್ಲೊಬ್ಬ.
"ಕಿಟ್ ಅಂತ ಹೆಸರು. ಅಷ್ಟೇ ಗೊತ್ತು."

ಕಸುಗಲ್ಲಿನ ತಿಪ್ಪೆಯ ಮೇಲೆ ಹುಲ್ಲೂ ಬೆಳೆಯದು,
ಮೂಗುಬೊಟ್ಟಿನಷ್ಟು ಒಂದು ಬಿಳಿ ಹೂ ಮಾತ್ರ.
ವಿಷ ಇದ್ದಲ್ಲಿ ಹಾಯಾಗಿ ಅರಳುತ್ತದೆ,
ಒಳ್ಳೆ ಮಣ್ಣಲ್ಲಿ ಹುಲ್ಲು ಅದನ್ನು ತುಳಿದುಬಿಡುತ್ತದಂತೆ.
ನನಗೇಕೋ ಅದರ ಮೇಲೆ ಪ್ರೀತಿ ಹುಟ್ಟಲಿಲ್ಲ,
ಹೊಟ್ಟೆಕಿಚ್ಚಾಯಿತು.

ಆಮೇಲೆ ಸುರಂಗ.
ಕುದುರೆಯೊಂದು ತಲೆ ತಗ್ಗಿಸಿ ಹೋಗುವಷ್ಟು ಕಮಾನು,
ಹರಡು ಮುಳುಗುವಷ್ಟು ನೀರು, ಕಾಲು ಕಡಿಯುವಷ್ಟು ತಣ್ಣಗೆ.
ತಲೆಯ ಮೇಲೆ ಕೊಳೆತ ತೊಲೆ,
ತೊಲೆಯ ಮೇಲೆ ಪೇರಿಸಿಟ್ಟ ಕೆಲಸಕ್ಕೆ ಬಾರದ ಕಲ್ಲು.
"ಸೀನಬೇಡ" ಅಂದಳು, ತಮಾಷೆಯೋ ನಿಜವೋ.
ತಿರುವಿನಲ್ಲಿ ಒಣಗಿದ ಜೇಡಿ,
ಅದರಲ್ಲಿ ಒಂದೇ ಒಂದು ಹೆಜ್ಜೆ,
ಮರದ ಅಟ್ಟೆ, ಕಬ್ಬಿಣದ ಲಾಳ.
ನನ್ನ ಅಂಗೈಗಿಂತ ತುಸು ಉದ್ದ.
ಪಕ್ಕದಲ್ಲಿ ಕೈ ಚಾಚಿದೆ. ಮುಟ್ಟಲಿಲ್ಲ.

ನೋರಾ ದೀಪ ಆರಿಸಿದಳು.
ಕತ್ತಲು ಅಂದರೆ ಇದು, ಅಂದಳು.
ಗೊತ್ತು ಅನ್ನಲಿಲ್ಲ ನಾನು.
ಹಟ್ಟಿಯ ಚಿನ್ನದ ಗಣಿಗೆ ಅಪ್ಪ ಇಪ್ಪತ್ತಾರು ವರ್ಷ ಇಳಿದ.
ಕಲಿಯುವಾಗ ನಾನು ತೆಗೆದ ಮೊದಲ ಎದೆಯ ಫಿಲ್ಮು ಅವನದೇ:
"ಉಸಿರು ಹಿಡಕೋ, ಅಪ್ಪ."
ಎರಡೂ ಪಕ್ಕ ನವಣೆ ಚೆಲ್ಲಿದ ಹಾಗೆ.
ಬೆಳಕಿಗೆ ಹಿಡಿದು ನೋಡಿ
"ಫೋಟೋ ಚಂದ ಬಂದೈತಿ ಬಿಡು" ಅಂದಿದ್ದ.
ಅವನು ತಂದ ಚಿನ್ನವನ್ನು ನಾವ್ಯಾರೂ ಕಂಡವರಲ್ಲ.
ಇಲ್ಲಿಯ ಸೀಸ ಯಾವ ಚರ್ಚಿನ ಮಾಡಿಗೆ ಹೋಯಿತೋ,
ಯಾವ ಬಂದೂಕಿಗೆ.

ಹೊರಗೆ ಬಂದಾಗ ಬೆಳಕು ಕಣ್ಣಿಗೆ ಚುಚ್ಚಿತು.
ಜೇಬಿನಲ್ಲಿ ಬೆರಳಿನಷ್ಟು ಅದಿರು, ಮಿಣಮಿಣ,
ಅಷ್ಟು ಸಣ್ಣದಕ್ಕೆ ಅಷ್ಟು ಭಾರ.
ನೋರಾ ಕೈ ಚಾಚಿದಳು, ಇಸಕೊಂಡು ತಿಪ್ಪೆಗೆಸೆದಳು.
"ಬ್ರೆಡ್ಡು ಮುಟ್ಟೋ ಮುಂಚೆ ಕೈ ತೊಳಿ.
ಹಳ್ಳದಲ್ಲಿ ಬೇಡ, ಅದು ಗಣಿಯ ನೀರು."
ಬಾಟಲಿಯಿಂದ ಹನಿ ಹನಿಯಾಗಿ ಸುರಿದಳು.
ಕೂಡಿಕೊಂಡ ಮಣಿಕಟ್ಟು ಒಂಚೂರು ಸೊಟ್ಟ.
ಫಿಲ್ಮಿನಲ್ಲಿ ನೇರವಾಗಿಯೇ ಇತ್ತು.